ಶಾಲೆಯಲ್ಲಿ ಹಾಕಿದ ‘ಮೆದುಳು ಜ್ವರ’ದ ಲಸಿಕೆ, ಅಮೆರಿಕದ ಕಾಲೇಜು ಕೇಳುತ್ತಿರುವ ಲಸಿಕೆ ಎರಡೂ ಒಂದೇನಾ?

ಬಟವಾಡಿ ಅಪ್ಪ:
ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ಹೇಳಿ. ನನ್ನ ಮಗಳಿಗೆ 21 ವರ್ಷ. ತುಮಕೂರಿನಲ್ಲೇ ಇಂಜಿನಿಯರಿಂಗ್ ಮುಗಿಸಿದಳು, ಈಗ ಎಂಎಸ್ ಮಾಡಲು ಟೆಕ್ಸಾಸ್‌ನಲ್ಲಿ ಸೀಟು ಸಿಕ್ಕಿದೆ, ಆಗಸ್ಟ್‌ನಲ್ಲಿ ಹೊರಡಬೇಕು. ಕಾಲೇಜಿನವರು ಕಳಿಸಿದ ಫಾರಂನಲ್ಲಿ ಮೆನಿಂಜೈಟಿಸ್ ಲಸಿಕೆಯ ಸರ್ಟಿಫಿಕೇಟ್ ಕೇಳಿದ್ದಾರೆ. ಅದಿಲ್ಲದೆ ಕ್ಲಾಸಿಗೆ ಹೆಸರು ನೋಂದಾಯಿಸುವ ಹಾಗಿಲ್ಲವಂತೆ.

ನನ್ನ ಹೆಂಡತಿ ಹೇಳುವುದು, "ಮೆದುಳು ಜ್ವರದ್ದು ತಾನೇ? 2022ರ ಡಿಸೆಂಬರ್‌ನಲ್ಲಿ ಚಿಕ್ಕವನಿಗೆ ಸ್ಕೂಲಲ್ಲೇ ಹಾಕಿದ್ದರಲ್ಲ, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ, ಅದನ್ನೇ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ" ಅಂತ. ನಾನು ಮೂರು ಮೆಡಿಕಲ್ ಶಾಪ್ ಸುತ್ತಿದೆ. ಒಬ್ಬರು ಗೊತ್ತಿಲ್ಲ ಅಂದರು. ಇನ್ನೊಬ್ಬರು ತರಿಸಿಕೊಡುತ್ತೇವೆ, 5 ಸಾವಿರದ ಹತ್ತಿರ ಆಗುತ್ತದೆ ಅಂದರು. ಮೂರನೆಯವರು ನಮ್ಮ ದೇಶದಲ್ಲಿ ಅದು ಬೇಕೇ ಇಲ್ಲ ಅಂದುಬಿಟ್ಟರು.

ಇನ್ನೊಂದು ವಿಷಯ. ಮಧುಗಿರಿ ಕಡೆ ಹಳ್ಳಿಯಲ್ಲಿ ನನ್ನ ತಂಗಿಯ ಮೊಮ್ಮಗಳಿದ್ದಾಳೆ, 7 ತಿಂಗಳ ಪಾಪು. ದೊಡ್ಡವರಿಗೇ ಬೇಕು ಅಂದರೆ ಆ ಮಗುವಿಗೂ ಹಾಕಿಸಬೇಕಲ್ವಾ? ಇದೇ ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ.

ಪಾವಗಡ ಹುಡುಗ:
ಅಣ್ಣ, ಎರಡೂ ಒಂದೇ. ನನ್ನ ತಂಗಿಗೂ ಅದೇ ಅಭಿಯಾನದಲ್ಲಿ ಹಾಕಿದ್ದರು. ಆ ಕಾರ್ಡನ್ನೇ ಇಂಗ್ಲಿಷ್‌ನಲ್ಲಿ ಬರೆಸಿಕೊಂಡರೆ ಸಾಕು ಅನ್ನಿಸುತ್ತೆ.

ಗೌರಿಬಿದನೂರು ಸಿಸ್ಟರ್:
ತಮ್ಮಾ, ಬೇಜಾರು ಮಾಡಿಕೊಳ್ಳಬೇಡ, ಎರಡೂ ಒಂದೇ ಅಲ್ಲ. ಇದು ತುಂಬ ಜನ ಮಾಡುವ ತಪ್ಪು, ಹೆಸರಿನಿಂದಲೇ ಬಂದದ್ದು. ನಾನು 31 ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿ ರಿಟೈರ್ ಆದವಳು, ಈ ಗೊಂದಲವನ್ನು ಎಷ್ಟು ಮನೆಗಳ ಬಾಗಿಲಲ್ಲಿ ನಿಂತು ಬಿಡಿಸಿದ್ದೇನೋ ಲೆಕ್ಕವಿಲ್ಲ.

2022ರ ಡಿಸೆಂಬರ್‌ನಲ್ಲಿ ತುಮಕೂರು ಸೇರಿ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಹಾಕಿದ್ದು ಜೆಇ ಲಸಿಕೆ. ಜಪಾನೀಸ್ ಎನ್ಸೆಫಲೈಟಿಸ್ ಅಂತ ಕಾಯಿಲೆಯ ಹೆಸರು. ಅದು ವೈರಸ್‌ನಿಂದ ಬರುತ್ತದೆ, ಸೊಳ್ಳೆ ಹರಡುತ್ತದೆ. ಹಂದಿ, ಕೊಕ್ಕರೆಗಳ ಮೈಯಲ್ಲಿ ವೈರಸ್ ಬೆಳೆಯುತ್ತದೆ, ಗದ್ದೆಯಲ್ಲಿ ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆ ಅದನ್ನು ಮಕ್ಕಳಿಗೆ ತರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ಇದು ಹಳೆಯ ಶತ್ರು. ನಾನು ಕೆಲಸಕ್ಕೆ ಸೇರಿದಾಗ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿರಲಿಲ್ಲ, ನಮ್ಮದೂ ಕೋಲಾರವೇ. ಎಂಬತ್ತರ ದಶಕದಲ್ಲಿ ಕೋಲಾರದ ರೋಗಿಯೊಬ್ಬರಲ್ಲಿ ಸಿಕ್ಕ ವೈರಸ್ಸನ್ನು ಪುಣೆಯ ವೈರಾಣು ಸಂಸ್ಥೆಯವರು ಜೋಪಾನವಾಗಿ ಇಟ್ಟಿದ್ದರು. ಅದೇ ವೈರಸ್ಸಿನಿಂದ ಭಾರತದ್ದೇ ಆದ ಜೆಇ ಲಸಿಕೆ ತಯಾರಾಗಿ 2013ರಲ್ಲಿ ಹೊರಗೆ ಬಂತು, ಜೆನ್ವ್ಯಾಕ್ ಅಂತ. ಕೋಲಾರದಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಮೆನಿಂಜೈಟಿಸ್ ಅಂದರೆ ಮೆದುಳಿನ ಮೇಲಿನ ಪೊರೆಗೆ ಆಗುವ ಊತ. ವೈರಸ್‌ನಿಂದಲೂ ಆಗುತ್ತದೆ, ಟಿಬಿಯಿಂದಲೂ ಆಗುತ್ತದೆ. ಆದರೆ ಗಂಟೆಗಳ ಲೆಕ್ಕದಲ್ಲಿ ಜೀವ ತೆಗೆಯುವುದು ಬ್ಯಾಕ್ಟೀರಿಯಾದಿಂದ ಬರುವುದು. ಮುಖ್ಯವಾಗಿ ಮೂರು: ಹಿಬ್, ನ್ಯುಮೋಕಾಕಸ್, ಮೆನಿಂಗೊಕಾಕಸ್. ಒಂದೊಂದಕ್ಕೂ ಬೇರೆ ಬೇರೆ ಲಸಿಕೆ. ನಿಮ್ಮ ಮಗಳ ಕಾಲೇಜು ಕೇಳುತ್ತಿರುವುದು ಮೂರನೆಯದನ್ನು. ಅದು ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು. ಪಾಪುವಿಗೆ ಬೇಕಿರುವುದು ಮೊದಲನೆಯ ಎರಡು, ಅವು ಪೂರ್ತಿ ಉಚಿತ. ಪಾಪುವಿನ ಲಸಿಕೆ ಬರೆಯುವ ತಾಯಿ ಕಾರ್ಡ್ ನೋಡಿದ್ದೀರಾ? ಅದರಲ್ಲಿ ಯಾವ ಯಾವ ಲಸಿಕೆಯ ಮನೆ ತುಂಬಿದೆ, ಯಾವುದು ಖಾಲಿ ಇದೆ ತಿಳಿಸಿ.

ಪಾವಗಡ ಹುಡುಗ:
ಸಾರಿ ಸಿಸ್ಟರ್. ಗೊತ್ತಿಲ್ಲದೆ ಹೇಳಿಬಿಟ್ಟೆ. ಅಣ್ಣ, ನನ್ನ ಮಾತು ಬಿಟ್ಟುಬಿಡಿ.

ಡಲ್ಲಾಸ್‌ನಲ್ಲಿರುವ ಕೋಲಾರದವಳು:
ಸರ್, ನಾನು ಬಂಗಾರಪೇಟೆಯವಳು, ಎರಡು ವರ್ಷದ ಹಿಂದೆ ಟೆಕ್ಸಾಸ್‌ಗೇ ಬಂದೆ. ಇಲ್ಲಿ 22 ತುಂಬದ ಹೊಸ ವಿದ್ಯಾರ್ಥಿಗಳಿಗೆ ಇದು ಕಾನೂನು, ಕಾಲೇಜಿನವರ ಇಷ್ಟದ ಮಾತಲ್ಲ. ಕ್ಲಾಸ್ ಶುರುವಾಗುವ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು, 5 ವರ್ಷಕ್ಕಿಂತ ಹಳೆಯದಾಗಿರಬಾರದು. ಊರಲ್ಲೇ ಹಾಕಿಸಿಕೊಂಡು ಬರಲಿ. ನನ್ನ ಜೊತೆ ಬಂದ ಹುಡುಗಿ ಇಲ್ಲಿಗೆ ಬಂದ ಮೇಲೆ ಹಾಕಿಸಿಕೊಳ್ಳೋಣ ಅಂತ ಬಿಟ್ಟಿದ್ದಳು. ಆಮೇಲೆ ದುಡ್ಡೂ ಜಾಸ್ತಿ ಕೊಟ್ಟಳು, ರಿಜಿಸ್ಟ್ರೇಷನ್ ನಿಂತು ಅತ್ತಳು.

ಚೀಟಿಯಲ್ಲಿ ಎ, ಸಿ, ವೈ, ಡಬ್ಲ್ಯು ಅಂತ ನಾಲ್ಕೂ ಇರಬೇಕು. ಮೆನಿಂಗೊಕಾಕಸ್‌ನಲ್ಲಿ ಇವು ನಾಲ್ಕು ಬಗೆ. ಬಿ ಅಂತ ಇನ್ನೊಂದು ಇದೆ, ಅದಕ್ಕೆ ಲಸಿಕೆಯೇ ಬೇರೆ. ಕೆಲವು ಕಾಲೇಜುಗಳು ಅದರ ಬಗ್ಗೆಯೂ ಕೇಳುತ್ತವೆ, ಆದ್ದರಿಂದ ಫಾರಂ ಇನ್ನೊಮ್ಮೆ ಸರಿಯಾಗಿ ಓದಿ. ದಿನಾಂಕ, ಡಾಕ್ಟರ್ ಸಹಿ, ಸೀಲು ಎಲ್ಲ ಇಂಗ್ಲಿಷ್‌ನಲ್ಲಿ ಇರಲಿ.

ಬಟವಾಡಿ ಅಪ್ಪ:
ತುಂಬ ಉಪಕಾರ ಆಯಿತಮ್ಮ. ಆದರೆ ಒಂದು ಕೇಳುತ್ತೇನೆ. ನಮ್ಮ ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ. ಅಲ್ಲಿ ಅಷ್ಟೊಂದು ಕಾಯಿಲೆ ಇದೆಯಾ? ಮನೆಯಲ್ಲಿ ಇದನ್ನು ಕೇಳಿದಾಗಿನಿಂದ ಅವಳಮ್ಮ ಹೆದರಿಕೊಂಡಿದ್ದಾಳೆ.

ಗೌರಿಬಿದನೂರು ಸಿಸ್ಟರ್:
ಹೆದರುವಷ್ಟು ಇಲ್ಲ ಅಂತ ಹೇಳಿ ಅವರಿಗೆ. ಬರುವುದು ಅಪರೂಪ. ಆದರೆ ಬಂದರೆ ಬೆಳಗ್ಗೆ ಜ್ವರ ಅಂದ ಹುಡುಗ ರಾತ್ರಿಯೊಳಗೆ ಐಸಿಯುನಲ್ಲಿ ಇರುತ್ತಾನೆ. ಈ ಬ್ಯಾಕ್ಟೀರಿಯಾ ಆರೋಗ್ಯವಾಗಿರುವವರ ಮೂಗು ಗಂಟಲಲ್ಲೇ ಸುಮ್ನೆ ಕೂತಿರುತ್ತದೆ, ಅವರಿಗೆ ಏನೂ ಆಗುವುದಿಲ್ಲ. ಒಂದೇ ರೂಮಲ್ಲಿ ಮಲಗಿ, ಒಂದೇ ಲೋಟದಲ್ಲಿ ಕುಡಿದು, ಹತ್ತಿರ ಕೂತು ಕೆಮ್ಮಿದಾಗ ಇನ್ನೊಬ್ಬರಿಗೆ ದಾಟುತ್ತದೆ. ಹಾಸ್ಟೆಲ್, ಮಿಲಿಟರಿ ಕ್ಯಾಂಪ್, ಯಾತ್ರೆ ಇಂಥ ಕಡೆ ಹೊಸಬರು ಒಟ್ಟಿಗೆ ಸೇರುವುದರಿಂದ ಅಪಾಯ ಹೆಚ್ಚು. ನಮ್ಮ ದೇಶದಲ್ಲೂ ಆಗಿದೆ. ದೆಹಲಿಯಲ್ಲಿ 1966, 1985, ಆಮೇಲೆ 2005ರಲ್ಲಿ ಹರಡಿತ್ತು. 2008-09ರಲ್ಲಿ ಮೇಘಾಲಯ, ತ್ರಿಪುರಾದಲ್ಲಿ. ಹಾಗಾಗಿ ಮೆಡಿಕಲ್ ಶಾಪಿನವರು ನಮ್ಮ ದೇಶದಲ್ಲಿ ಬೇಕೇ ಇಲ್ಲ ಅಂದದ್ದು ಸರಿಯಲ್ಲ. ಎಲ್ಲರಿಗೂ ಬೇಕಿಲ್ಲ, ಕೆಲವರಿಗೆ ಖಂಡಿತ ಬೇಕು.

ಶಿಡ್ಲಘಟ್ಟ ರೀಲರ್:
ಯಾತ್ರೆ ಅಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಅಮ್ಮಿ ಹಜ್‌ಗೆ ಹೋದಾಗ ಇದೇ ಇಂಜೆಕ್ಷನ್ ಹಾಕಿದ್ದರು. ಹಜ್ ಕಮಿಟಿ ಮೂಲಕ ಹೋಗುವವರಿಗೆ ಕ್ಯಾಂಪ್ ಮಾಡಿ ಹಾಕುತ್ತಾರೆ, ಪೋಲಿಯೊ ಹನಿ ಕೂಡ. ಕಾರ್ಡ್ ಇಲ್ಲದಿದ್ದರೆ ಸೌದಿ ವೀಸಾನೇ ಇಲ್ಲ. ಅಲ್ಲಿಗೆ ಇಳಿಯುವ 10 ದಿನ ಮೊದಲೇ ಆಗಿರಬೇಕು, ಯಾಕೆಂದರೆ ಹಾಕಿದ ತಕ್ಷಣ ಶಕ್ತಿ ಬರುವುದಿಲ್ಲ, ಮೈಯಲ್ಲಿ ತಯಾರಾಗಲು ಅಷ್ಟು ದಿನ ಬೇಕು.

ಕ್ಯಾಂಪಿನಲ್ಲಿದ್ದ ಡಾಕ್ಟರ್ ತಾಳ್ಮೆಯಿಂದ ಹೇಳಿದರು. 1987ರ ಹಜ್ ಆದಮೇಲೆ ಈ ಕಾಯಿಲೆ ದೊಡ್ಡದಾಗಿ ಹರಡಿತ್ತಂತೆ, ಅದಕ್ಕೆ ಲಸಿಕೆ ಕಡ್ಡಾಯ ಮಾಡಿದರು. ಆಗ ಎ ಬಗೆ ಇತ್ತು. 2000ದಲ್ಲಿ ಡಬ್ಲ್ಯು ಬಗೆ ಬಂದು, ಹಜ್ ಮಾಡಿ ಊರಿಗೆ ಹೋದವರ ಮನೆಯವರಿಗೂ ತಗುಲಿತು. ಅಲ್ಲಿಂದ ನಾಲ್ಕೂ ಬಗೆಯದೇ ಬೇಕು ಅಂತ ಆಯಿತು. ಅಂದರೆ ಹೋಗುವವರಿಗೆ ಮಾತ್ರ ಅಲ್ಲ, ಮನೆಯಲ್ಲಿ ಕಾಯುತ್ತಿರುವ ಮೊಮ್ಮಕ್ಕಳಿಗೂ ಇದೇ ಕಾವಲು. ಮೆಕ್ಕಾದ ಇನ್ನೊಂದು ಯಾತ್ರೆ ಉಮ್ರಾಗೆ ಟ್ರಾವೆಲ್ಸ್ ಮೂಲಕ ಹೋಗುವವರು ಕೆಲವರು ಹಾಕಿಸಿಕೊಳ್ಳದೆ ಬರೀ ಕಾರ್ಡ್ ಬರೆಸಿಕೊಳ್ಳಲು ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಾಹನ ಮನೆಗೆ ಹೋಗುವಾಗ ಸುಳ್ಳು ಕಾಗದ ಯಾಕೆ?

ಒಂದು ಪ್ರಶ್ನೆ ಸಿಸ್ಟರ್. ಅಮ್ಮಿಯ ಕಾರ್ಡ್ 3 ವರ್ಷಕ್ಕೆ ಅಂತ ಒಬ್ಬರು, 5 ವರ್ಷಕ್ಕೆ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಗೌರಿಬಿದನೂರು ಸಿಸ್ಟರ್:
ಎರಡೂ ಸರಿ, ಲಸಿಕೆಯ ಮೇಲೆ ಹೋಗುತ್ತದೆ. ಹಳೆಯ ಬಗೆ ಪಾಲಿಸ್ಯಾಕರೈಡ್, ಅದಕ್ಕೆ 3 ವರ್ಷ. ಹೊಸ ಬಗೆ ಕಾಂಜುಗೇಟ್, ಅದಕ್ಕೆ 5. ಹಳೆಯದು 2 ವರ್ಷದೊಳಗಿನ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಹೊಸದರಲ್ಲಿ ಬ್ಯಾಕ್ಟೀರಿಯಾದ ಹೊದಿಕೆಯ ಸಕ್ಕರೆ ಅಂಶವನ್ನು ಒಂದು ಪ್ರೋಟೀನಿಗೆ ಕಟ್ಟಿ ಕೊಡುತ್ತಾರೆ, ಅದರಿಂದ ಮೈ ಅದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಕಾರ್ಡಿನಲ್ಲಿ ಯಾವುದು ಅಂತ ಬರೆದಿರುತ್ತಾರೆ ನೋಡಿ ಅಣ್ಣ.

ಶಿರಾ ಹೈವೇ:
ಲಾರಿ ಗುದ್ದಿ ನನ್ನ ತಮ್ಮನ ಹೊಟ್ಟೆಗೆ ಏಟಾಗಿ ಗುಲ್ಮ ತೆಗೆದರು, ಸ್ಪ್ಲೀನ್ ಅಂತಾರಲ್ಲ ಅದು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಇದೇ ಮೂರು ಹೆಸರು ಬರೆದುಕೊಟ್ಟರು: ನ್ಯುಮೋಕಾಕಸ್, ಹಿಬ್, ಮೆನಿಂಗೊಕಾಕಸ್. ಸ್ಪ್ಲೀನ್ ಇಲ್ಲದವರಿಗೆ ಈ ಬ್ಯಾಕ್ಟೀರಿಯಾಗಳನ್ನು ತಡೆಯುವ ಶಕ್ತಿ ಕಡಿಮೆಯಂತೆ, ಸಣ್ಣ ಜ್ವರಕ್ಕೂ ತಡಮಾಡದೆ ಬನ್ನಿ ಅಂದರು. ಆ ಚೀಟಿ ನಮ್ಮ ಮನೆಯಲ್ಲಿ ಒಂದು ವರ್ಷ ಸುಮ್ನೆ ಬಿದ್ದಿತ್ತು. ಈಗ ಓದಿ ಗಾಬರಿಯಾಯಿತು. ನಾಳೆನೇ ಕರೆದುಕೊಂಡು ಹೋಗುತ್ತೇನೆ.

ತಿಪಟೂರು ತೋಟ:
ಯಾರೂ ಸಿಟ್ಟಾಗಬೇಡಿ, ನನಗೆ ನಿಜವಾಗಿ ಅನ್ನಿಸಿದ್ದು ಕೇಳುತ್ತೇನೆ. ಈಗ ಹುಟ್ಟಿದ ಮಗುವಿಗೆ ಎಷ್ಟು ಚುಚ್ಚುತ್ತಾರೆ! ನಮ್ಮ ಕಾಲದಲ್ಲಿ ಇಷ್ಟು ಇರಲಿಲ್ಲ. ನನ್ನ ಮಗಳ ಕೂಸಿಗೆ ಒಂದೇ ದಿನ ಎರಡೂ ತೊಡೆಗೆ ಹಾಕಿದರು, ರಾತ್ರಿಯೆಲ್ಲ ಅತ್ತಿತು. ನೋಡಲು ಆಗಲಿಲ್ಲ. ಇಷ್ಟೆಲ್ಲ ಬೇಕಾ?

ಮುಳಬಾಗಿಲು ಮೇಷ್ಟ್ರು:
ನಿಮ್ಮ ಸಂಕಟ ಅರ್ಥವಾಗುತ್ತದೆ ಸ್ವಾಮಿ. ನಾನು ಡಾಕ್ಟರ್ ಅಲ್ಲ, ಹಳ್ಳಿ ಶಾಲೆಯ ಮೇಷ್ಟ್ರು. ನಮ್ಮ ಕಡೆ ಬಾಲಗ್ರಹ ಅನ್ನುತ್ತಿದ್ದರು, ನಿಮ್ಮ ಕಡೆಯೂ ಇತ್ತು ಅಲ್ವಾ? ಎಳೆ ಮಗುವಿಗೆ ಜ್ವರ ಏರಿ, ಕತ್ತು ಹಿಂದಕ್ಕೆ ಸೆಟೆದು, ಫಿಟ್ಸ್ ಬಂದು, ಕಣ್ಣು ಮೇಲೆ ಹೋಗಿ. ತಾಯತ ಕಟ್ಟಿಸುತ್ತಿದ್ದರು, ದೃಷ್ಟಿ ತೆಗೆಯುತ್ತಿದ್ದರು. ಮೂರನೇ ದಿನಕ್ಕೆ ಮಗು ಹೋಗುತ್ತಿತ್ತು. ನನ್ನ ತಾಯಿಗೆ ಹಾಗೆ ಇಬ್ಬರು ಹೋದರು, ನನ್ನ ಮೇಲಿನವರು. ಅಮ್ಮ ಸಾಯುವವರೆಗೆ ಅವರ ಹೆಸರು ಹೇಳುತ್ತಿದ್ದಳು. ಅಂಥ ಎಷ್ಟೋ ಮಕ್ಕಳಿಗೆ ಇದೇ ಕಾಯಿಲೆ ಇದ್ದಿರಬೇಕು ಅಂತ ನನಗೆ ಈಗ ಅನ್ನಿಸುತ್ತದೆ. ಆಗ ಚುಚ್ಚುವುದು ಕಡಿಮೆ ಇತ್ತು, ನಿಜ.

ತಿಪಟೂರು ತೋಟ:
ಬಾಲಗ್ರಹ ನಮ್ಮಲ್ಲೂ ಇತ್ತು ಮೇಷ್ಟ್ರೇ. ನಮ್ಮ ದೊಡ್ಡಮ್ಮನ ಮಗ. ಮರೆತೇ ಹೋಗಿತ್ತು.

ಕುಣಿಗಲ್ ಅಮ್ಮ:
ನಾನು ಇಂಥದ್ದೆಲ್ಲ ಓದುತ್ತೇನೆ, ಬರೆಯುವುದಿಲ್ಲ. ಇವತ್ತು ಬರೆಯಬೇಕು ಅನ್ನಿಸಿತು.

ನನ್ನ ಮಗ 2018ರಲ್ಲಿ ಹುಟ್ಟಿದ. ಸರ್ಕಾರಿ ಚುಚ್ಚುಮದ್ದು ಒಂದೂ ತಪ್ಪಿಸಿರಲಿಲ್ಲ. ಆಗ ನ್ಯುಮೋಕಾಕಸ್‌ನದು ನಮ್ಮ ಕಡೆ ಸರ್ಕಾರಿ ಪಟ್ಟಿಯಲ್ಲಿ ಇರಲಿಲ್ಲ. ಪ್ರೈವೇಟ್ ಡಾಕ್ಟರ್ ಒಬ್ಬರು ಹಾಕಿಸಿ ಅಂದಿದ್ದರು, ಒಂದು ಡೋಸ್‌ಗೆ ಸಾವಿರಗಟ್ಟಲೆ, ಅಂಥವು ಮೂರ್ನಾಲ್ಕು ಬೇಕು. ನನ್ನ ಗಂಡ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಮುಂದಿನ ತಿಂಗಳು ನೋಡೋಣ ಅಂದೆವು. ಮುಂದಿನ ತಿಂಗಳೂ ಹಾಗೇ ಅಂದೆವು.

11 ತಿಂಗಳಿಗೆ ಜ್ವರ ಬಂತು. ಹಾಲು ಬಿಟ್ಟ. ಎತ್ತಿಕೊಂಡರೆ ಜಾಸ್ತಿ ಅಳುತ್ತಿದ್ದ, ಮಲಗಿಸಿದರೆ ಸುಮ್ಮನಾಗುತ್ತಿದ್ದ. ಮಕ್ಕಳು ಎತ್ತಿಕೊಂಡರೆ ಸುಮ್ಮನಾಗಬೇಕಲ್ವಾ, ಇವನದು ತಿರುಗು ಮುರುಗು. ನೆತ್ತಿ ಉಬ್ಬಿತ್ತು. ಮೊದಲು ತೋರಿಸಿದ ಕಡೆ ಹಲ್ಲು ಬರುತ್ತಿದೆ ಅಂತ ಸಿರಪ್ ಕೊಟ್ಟು ಕಳಿಸಿದರು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ, ಹೇಳಿ ಈಗ ಏನೂ ಆಗುವುದಿಲ್ಲ. ರಾತ್ರಿ ಫಿಟ್ಸ್ ಬಂತು. ಬೆಂಗಳೂರಿಗೆ ಓಡಿದೆವು.

ಅಲ್ಲಿ ಬೆನ್ನಿನ ನೀರು ತೆಗೆಯಬೇಕು ಅಂದರು. ನಮ್ಮ ಅತ್ತೆ ಬೇಡವೇ ಬೇಡ, ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಅಂತ ಬಾಗಿಲಿಗೆ ಅಡ್ಡ ನಿಂತರು. ಅದರಲ್ಲೇ ಒಂದು ಗಂಟೆ ಹೋಯಿತು. ಅಲ್ಲಿನ ಸಿಸ್ಟರ್ ಒಬ್ಬರು ಅತ್ತೆಯ ಕೈ ಹಿಡಿದು, ಸೂಜಿ ಹಾಕುವುದು ಸೊಂಟದ ಕೆಳಗಿನ ಭಾಗಕ್ಕೆ, ಅಲ್ಲಿ ಬೆನ್ನುಹುರಿ ಇರುವುದಿಲ್ಲ ಅಮ್ಮಾ ಅಂತ ತಮ್ಮ ಬೆನ್ನಲ್ಲೇ ಬೆರಳಿಟ್ಟು ತೋರಿಸಿದರು. ಆಮೇಲೆ ಸಹಿ ಹಾಕಿದೆವು. ನ್ಯುಮೋಕಾಕಸ್ ಅಂತ ಬಂತು.

ಮಗ ಉಳಿದ. ದೇವರು ದೊಡ್ಡವನು. ಮನೆಗೆ ಬಂದ ಮೇಲೆ ಒಂದು ದಿನ ಕುಕ್ಕರ್ ಕೂಗಿತು. ಮುಂಚೆ ಕುಕ್ಕರ್ ಕೂಗಿದರೆ ಬೆಚ್ಚಿ ಅಳುತ್ತಿದ್ದ ಮಗು, ಅವತ್ತು ಚಮಚ ಹಿಡಿದು ಆಡುತ್ತಲೇ ಇದ್ದ. ನಾನು ಹಿಂದಿನಿಂದ ತಟ್ಟೆ ಬಡಿದೆ. ತಿರುಗಲಿಲ್ಲ. ಎರಡು ಕಿವಿಯೂ ಹೋಗಿತ್ತು.

ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಈ ಕಾಯಿಲೆಯಿಂದ ಕಿವುಡಾದರೆ ಒಳಕಿವಿಯಲ್ಲಿ ಮೂಳೆ ಬೆಳೆದು ಮುಚ್ಚಿಕೊಳ್ಳಬಹುದು, ಆಮೇಲೆ ಕೇಳಿಸುವ ಮಿಷಿನ್ ಒಳಗೆ ಕೂರಿಸುವುದು ಕಷ್ಟ, ಬೇಗ ಮಾಡಬೇಕು ಅಂದರು. ಕಾಕ್ಲಿಯರ್ ಇಂಪ್ಲಾಂಟ್ ಆಯಿತು. ಈಗ ಶಾಲೆಗೆ ಹೋಗುತ್ತಾನೆ, ಮಾತಾಡುತ್ತಾನೆ, ಸ್ವಲ್ಪ ತೊದಲು. ನಾನು ಹೇಳಬೇಕು ಅಂತ ಬಂದದ್ದು ಇಷ್ಟೇ. ಮೆನಿಂಜೈಟಿಸ್ ಆಗಿ ವಾಸಿಯಾದ ಪ್ರತಿ ಮಗುವಿಗೂ ಕಿವಿ ಪರೀಕ್ಷೆ ತಕ್ಷಣ ಮಾಡಿಸಿ, ಕುಕ್ಕರ್ ಕೂಗುವವರೆಗೆ ಕಾಯಬೇಡಿ. ಇನ್ನೊಂದು, ನಾವು ದುಡ್ಡಿಲ್ಲದೆ ಬಿಟ್ಟ ಆ ಲಸಿಕೆ 2021ರಿಂದ ದೇಶಕ್ಕೆಲ್ಲ ಉಚಿತ. ನನ್ನ ಎರಡನೇ ಮಗಳಿಗೆ ನಮ್ಮೂರ ಅಂಗನವಾಡಿಯಲ್ಲೇ ಹಾಕಿದರು. ಹಾಕುವಾಗ ಅವಳು ಅತ್ತಳು, ನಾನೂ ಅತ್ತೆ. ಚುಚ್ಚುಮದ್ದು ಹಾಕುವ ಎಎನ್‌ಎಂ ಮೇಡಂಗೆ ಯಾಕೆ ಅಂತ ಗೊತ್ತಾಗಲಿಲ್ಲ.

ಗೌರಿಬಿದನೂರು ಸಿಸ್ಟರ್:
ಅಕ್ಕಾ, ನೀವು ಬರೆದದ್ದು ದೊಡ್ಡ ಉಪಕಾರ. ನಿಮ್ಮ ತಪ್ಪು ಏನೂ ಇಲ್ಲ. ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಬಂದ 6 ಜನರಲ್ಲಿ ಒಬ್ಬರು ಉಳಿಯುವುದಿಲ್ಲ, ಉಳಿದವರಲ್ಲಿ 5ಕ್ಕೆ ಒಬ್ಬರಿಗೆ ಏನಾದರೂ ಊನ ಉಳಿಯುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಿಮ್ಮ ಮಗನನ್ನು ನೀವು ಉಳಿಸಿಕೊಂಡಿರಿ.

ಎತ್ತಿಕೊಂಡರೆ ಜಾಸ್ತಿ ಅಳುವುದು ಅಂದಿರಲ್ಲ, ಅದನ್ನು ಎಲ್ಲ ತಾಯಂದಿರೂ ನೆನಪಿಡಬೇಕು. ಎಳೆ ಮಕ್ಕಳಲ್ಲಿ ಕತ್ತು ಬಿಗಿಯುವುದು ಯಾವಾಗಲೂ ಕಾಣುವುದಿಲ್ಲ. ಹಾಲು ಬಿಡುವುದು, ಕೀರಲು ದನಿಯ ಅಳು, ಉಬ್ಬಿದ ನೆತ್ತಿ, ಎಬ್ಬಿಸಿದರೂ ಏಳದ ಮಂಪರು, ಇವು ಗುರುತು. ದೊಡ್ಡವರಲ್ಲಿ ಜ್ವರದ ಜೊತೆ ತಡೆಯಲಾಗದ ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದು, ಬೆಳಕು ಕಂಡರೆ ಕಣ್ಣು ಮುಚ್ಚುವುದು. ಮೈಮೇಲೆ ಕೆಂಪು ನೇರಳೆ ಚುಕ್ಕೆ ಬಂದರೆ ಗಾಜಿನ ಲೋಟದ ಬದಿಯಿಂದ ಒತ್ತಿ ನೋಡಿ, ಮಾಯವಾಗದಿದ್ದರೆ ಒಂದು ನಿಮಿಷವೂ ನಿಲ್ಲಬೇಡಿ. ನಮ್ಮ ಬಣ್ಣದ ಮೈಯಲ್ಲಿ ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಗೆ ನೋಡಬೇಕು. ಚುಕ್ಕೆ ಬರಲಿ ಅಂತ ಮಾತ್ರ ಕಾಯಬೇಡಿ, ಅದು ತಡವಾಗಿ ಬರಬಹುದು, ಬರದೆಯೂ ಇರಬಹುದು.

ಬಟವಾಡಿ ಅಪ್ಪ:
ಕುಣಿಗಲ್ ಅಮ್ಮ, ನಿಮ್ಮದು ಓದಿ ನಾನು ಹೆಂಡತಿಗೆ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಂಗಿಗೆ ಫೋನ್ ಮಾಡಿ ಪಾಪುವಿನ ಕಾರ್ಡ್ ಫೋಟೊ ತರಿಸಿಕೊಂಡೆ.

ಸಿಸ್ಟರ್, ಹುಟ್ಟಿದಾಗಿನ ಬಿಸಿಜಿ ಇದೆ. 6 ವಾರದ್ದು ಎಲ್ಲ ಇದೆ. 10 ವಾರ, 14 ವಾರದ ಮನೆಗಳು ಖಾಲಿ. ಕೇಳಿದರೆ, ಮೊದಲನೇ ಸಲ ಹಾಕಿಸಿದಾಗ ಜ್ವರ ಬಂದು ತೊಡೆ ಗಟ್ಟಿಯಾಗಿತ್ತಂತೆ, ಅದಕ್ಕೆ ಮನೆಯಲ್ಲಿ ಹಿರಿಯರು ಸಾಕು ಅಂದುಬಿಟ್ಟರಂತೆ. ಆಶಾ ಕಾರ್ಯಕರ್ತೆ ಎರಡು ಸಲ ಬಂದು ಹೋಗಿದ್ದಾರೆ. ಈಗ ಮತ್ತೆ ಮೊದಲಿಂದ ಶುರು ಮಾಡಬೇಕಾ?

ಗೌರಿಬಿದನೂರು ಸಿಸ್ಟರ್:
ಬೇಡ. ಆಗಿರುವುದು ಆಗಿದೆ, ನಿಂತ ಕಡೆಯಿಂದ ಮುಂದುವರಿಸಿದರೆ ಸಾಕು. ಪೆಂಟಾವೇಲೆಂಟ್‌ನಲ್ಲಿ ಹಿಬ್ ಇದೆ, ಜೊತೆಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ. ಅದರ ಎರಡನೇ ಡೋಸ್ ಈಗ, 4 ವಾರ ಬಿಟ್ಟು ಮೂರನೆಯದು. ನ್ಯುಮೋಕಾಕಸ್‌ನದು ಪಿಸಿವಿ ಅಂತ ಬರೆದಿರುತ್ತದೆ, ಅದರ ಎರಡನೆಯದೂ ಈಗಲೇ, ಬೂಸ್ಟರ್ 9 ತಿಂಗಳಿಗೆ. ನಿಮ್ಮ ಜಿಲ್ಲೆಯಲ್ಲಿ ದಡಾರದ ಲಸಿಕೆಯ ಜೊತೆ ಜೆಇಯನ್ನೂ ಆವಾಗ ಕೇಳಿ. ಬಿಸಿಜಿ ಆಗಿದೆ ಅಂದರೆ ಒಳ್ಳೆಯದು, ಮಕ್ಕಳ ಮೆದುಳಿಗೆ ಏರುವ ಟಿಬಿಯನ್ನು ತಡೆಯುವುದು ಅದೇ.

ಜ್ವರ ಬರುವುದು ಹೆಚ್ಚಾಗಿ ನಾಯಿಕೆಮ್ಮಿನ ಭಾಗದಿಂದ. ಒಂದೆರಡು ದಿನದಲ್ಲಿ ಹೋಗುತ್ತದೆ. ಎಎನ್‌ಎಂ ಕೊಡುವ ಪ್ಯಾರಾಸಿಟಮಾಲ್ ಅವರು ಹೇಳಿದ ಅಳತೆಯಲ್ಲೇ ಕೊಡಿ, ತಣ್ಣೀರ ಬಟ್ಟೆ ಇಡಿ, ತೊಡೆ ಉಜ್ಜಬೇಡಿ, ಬಿಸಿ ಶಾಖ ಕೊಡಬೇಡಿ. ಹಿರಿಯರ ಜೊತೆ ಜಗಳ ಬೇಡ ಅಣ್ಣ. ಕುಣಿಗಲ್ ಅಕ್ಕ ಬರೆದದ್ದನ್ನು ಅವರಿಗೆ ಓದಿ ಹೇಳಿ.

ಮಗಳದು ಮೆಡಿಕಲ್ ಶಾಪ್‌ನಿಂದ ತರುವುದಾದರೆ ಅವರ ಫ್ರಿಜ್‌ನಿಂದಲೇ ತೆಗೆದು ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ ಕೊಡಲಿ. 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ತರಬೇಡಿ, ಐಸ್‌ಗೆ ನೇರವಾಗಿ ತಾಗಿಸಿಯೂ ಇಡಬೇಡಿ, ಹೆಪ್ಪುಗಟ್ಟಿದರೂ ಕೆಡುತ್ತದೆ. ಲಸಿಕೆ ಇಟ್ಟುಕೊಂಡಿರುವ ಮಕ್ಕಳ ಡಾಕ್ಟರ್ ಹತ್ತಿರವೇ ಹಾಕಿಸಿದರೆ ಇನ್ನೂ ಒಳ್ಳೆಯದು. ಸೀಸೆಯ ಸ್ಟಿಕ್ಕರ್ ಕಾರ್ಡಿಗೆ ಅಂಟಿಸಿಕೊಳ್ಳಿ, ಬ್ಯಾಚ್ ನಂಬರ್ ಅದರಲ್ಲೇ ಇರುತ್ತದೆ.

ಪಾವಗಡ ಹುಡುಗ:
ಸಿಸ್ಟರ್, ಹಾಸ್ಟೆಲ್‌ನಲ್ಲಿ ಯಾರಿಗಾದರೂ ಬಂದುಬಿಟ್ಟರೆ ಜೊತೆಯಲ್ಲಿದ್ದವರು ಏನು ಮಾಡಬೇಕು? ನಾನು ತುಮಕೂರಲ್ಲಿ ಹಾಸ್ಟೆಲ್‌ನಲ್ಲಿದ್ದೇನೆ, ಒಂದು ರೂಮಲ್ಲಿ 8 ಜನ.

ಗೌರಿಬಿದನೂರು ಸಿಸ್ಟರ್:
ಮೆನಿಂಗೊಕಾಕಸ್ ಅಂತ ಗೊತ್ತಾದರೆ ಒಂದೇ ರೂಮಿನವರಿಗೆ, ಮನೆಯವರಿಗೆ ಡಾಕ್ಟರ್ ಆ್ಯಂಟಿಬಯೋಟಿಕ್ ಕೊಡುತ್ತಾರೆ. 24 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಲಸಿಕೆ ಆಗಿದ್ದವರೂ ತೆಗೆದುಕೊಳ್ಳಬೇಕು. ವಾರ್ಡನ್‌ಗೆ ಮುಚ್ಚಿಡಬೇಡಿ. ಒಳ್ಳೆಯ ಪ್ರಶ್ನೆ ಕೇಳಿದೆ ತಮ್ಮಾ.

ಬಟವಾಡಿ ಅಪ್ಪ (9 ದಿನಗಳ ನಂತರ):
ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ಮಗಳಿಗೆ ಶನಿವಾರ ಆಯಿತು. ತೋಳು ಎರಡು ದಿನ ನೋವಿತ್ತು, ಅಷ್ಟೇ. ಸ್ಟಿಕ್ಕರ್ ಅಂಟಿಸಿ, ಇಂಗ್ಲಿಷ್‌ನಲ್ಲಿ ಬರೆಸಿ, ಸೀಲು ಹಾಕಿಸಿ ಕಾಲೇಜಿಗೆ ಕಳಿಸಿದಳು, ಅವರು ಒಪ್ಪಿಕೊಂಡರು.

ಮೊನ್ನೆ ಗುರುವಾರ ನಾನೇ ಬೆಳಗ್ಗೆ ಬಸ್ ಹತ್ತಿ ಮಧುಗಿರಿ ಕಡೆ ಹೋದೆ. ಪಾಪುವಿನ ಮುತ್ತಜ್ಜಿ ಮೊದಲು ಮುಖ ಕೊಡಲಿಲ್ಲ. ಕುಣಿಗಲ್ ಅಮ್ಮ ಬರೆದದ್ದನ್ನು ಜಗುಲಿಯಲ್ಲಿ ಕೂತು ಪೂರ್ತಿ ಓದಿದೆ. ಕುಕ್ಕರ್ ವಿಷಯ ಬಂದಾಗ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು, ಹೊರಗೆ ಬರುವಾಗ ಪಾಪುವಿಗೆ ಟೋಪಿ ಹಾಕಿಕೊಂಡೇ ಬಂದರು. ಅಂಗನವಾಡಿಗೆ ಅವರೇ ಎತ್ತಿಕೊಂಡು ನಡೆದರು.

ಕುಣಿಗಲ್ ಅಮ್ಮ:
ಪಾಪುಗೆ ಜ್ವರ ಬಂತಾ?

ಬಟವಾಡಿ ಅಪ್ಪ:
ಅವತ್ತು ರಾತ್ರಿ ಸ್ವಲ್ಪ ಬಂತಮ್ಮ. ಬೆಳಗ್ಗೆ ಹೊತ್ತಿಗೆ ಇಳಿದಿತ್ತು. ಈಗ ತಟ್ಟೆ ಬಡಿದುಕೊಂಡು ಆಡುತ್ತಿದ್ದಾಳಂತೆ.